ಗೇಮ್ ಆಡುವಾಗ ಮಾತ್ರ ಪಿಸಿ ಆಫ್ ಆಗುತ್ತಿದೆಯಾ? ಹುಡುಕುವುದು ಇಲ್ಲಿಂದ

ಯೂಟ್ಯೂಬ್ ನೋಡಿದರೆ ಏನೂ ಆಗುವುದಿಲ್ಲ. ಬ್ರೌಸರ್, ಎಕ್ಸೆಲ್, ಆನ್‌ಲೈನ್ ಕ್ಲಾಸ್ ಎಲ್ಲಾ ಸರಿ. ಗೇಮ್ ಹಾಕಿ ಸ್ವಲ್ಪ ಹೊತ್ತಾದರೆ ಸಾಕು, ಇಡೀ ಪಿಸಿ ಟಕ್ ಅಂತ ಆಫ್. ಅಂಗಡಿಗೆ ಹೊತ್ತುಕೊಂಡು ಹೋದರೆ ಅವರು ಅರ್ಧ ದಿನ ಸುಮ್ನೆ ಆನ್ ಮಾಡಿಟ್ಟು, 'ನಮ್ಮಲ್ಲಿ ಸರಿಯಾಗೇ ಓಡ್ತಿದೆ, ಒಂದ್ಸಲ ಫಾರ್ಮ್ಯಾಟ್ ಮಾಡಿಬಿಡೋಣ' ಅನ್ನುತ್ತಾರೆ. ಫಾರ್ಮ್ಯಾಟ್ ಆಗುತ್ತದೆ, ಇದ್ದ ಫೈಲ್ ಎಲ್ಲಾ ಹೋಗುತ್ತವೆ, ಮನೆಗೆ ತಂದು ಗೇಮ್ ಹಾಕಿದರೆ ಮತ್ತೆ ಅದೇ.

ಸುಮ್ನೆ ಆನ್ ಆಗಿ ಕೂತಿರುವ ಪಿಸಿ ಗೋಡೆಯ ಪ್ಲಗ್‌ನಿಂದ ಎಳೆಯುವುದು 60ರಿಂದ 100 ವ್ಯಾಟ್ ಅಷ್ಟೇ. ಅದೇ ಪಿಸಿ ಗೇಮ್‌ನಲ್ಲಿ 350, 450, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ 600 ವ್ಯಾಟ್ ಎಳೆಯುತ್ತದೆ. ಅಷ್ಟು ಲೋಡ್ ಬಿದ್ದಾಗ ಮಾತ್ರ ದೋಷ ಹೊರಗೆ ಬರುತ್ತದೆ, ಅಂಗಡಿಯ ಮೇಜಿನ ಮೇಲೆ ಬರುವುದಿಲ್ಲ. ವಿಂಡೋಸ್ ಕೆಟ್ಟಿದ್ದರೆ ಗೇಮ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಹ್ಯಾಂಗ್ ಆಗುತ್ತದೆ, ನೀಲಿ ಸ್ಕ್ರೀನ್ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಎರರ್ ಬರೆದ ಕಪ್ಪು ಸ್ಕ್ರೀನ್) ಬರುತ್ತದೆ. ಫ್ಯಾನು ಲೈಟು ಸಮೇತ ಎಲ್ಲವೂ ಒಂದೇ ಕ್ಷಣದಲ್ಲಿ ನಿಂತರೆ ತೊಂದರೆ ಬಹುತೇಕ ಕರೆಂಟ್‌ನಲ್ಲಿ, ಬಿಸಿಯಲ್ಲಿ ಅಥವಾ ಎಸ್‌ಎಂಪಿಎಸ್‌ನಲ್ಲಿ (ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ) ಇರುತ್ತದೆ. ಈ ಮೂರನ್ನು ನೋಡುವ ತನಕ ಫಾರ್ಮ್ಯಾಟ್‌ಗೂ ಒಪ್ಪಬೇಡಿ, ಹೊಸ ಪಾರ್ಟ್‌ಗೂ ದುಡ್ಡು ಹಾಕಬೇಡಿ.

ಕೈ ಹಾಕುವ ಮುಂಚೆ ಎರಡು ವಿಷಯ. ಕ್ಯಾಬಿನೆಟ್ ಬಿಚ್ಚುವಾಗ ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದಿದ್ದು ಖಾಲಿಯಾಗಲಿ. ಇನ್ನೊಂದು, ಎಸ್‌ಎಂಪಿಎಸ್ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 400 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಹಾಗೇ ಇರಬಹುದು. ಧೂಳು ಹೊಡೆಯಬೇಕೆಂದರೆ ಹೊರಗಿನಿಂದಲೇ ಹೊಡೆಯಿರಿ.

ಆಫ್ ಆಗಿದ್ದು ಹೇಗೆ, ಮೊದಲು ಅದನ್ನು ನೋಡಿ

ಮುಂದಿನ ಸಲ ಆಫ್ ಆದಾಗ ಗಡಿಬಿಡಿಯಲ್ಲಿ ಮತ್ತೆ ಬಟನ್ ಒತ್ತಬೇಡಿ. ಫ್ಯಾನ್ ನಿಂತಿದೆಯಾ? ಯುಪಿಎಸ್ ಕೂಗುತ್ತಿದೆಯಾ? ಮಾನಿಟರ್ ಕೂಡ ಆರಿತಾ, ಇಲ್ಲಾ 'ನೋ ಸಿಗ್ನಲ್' ಅಂತ ತೋರಿಸುತ್ತಿದೆಯಾ? ಈ ಹತ್ತು ಸೆಕೆಂಡ್ ನೋಡಿದ್ದು ಮುಂದೆ ನಿಮ್ಮ ಎಷ್ಟೋ ದುಡ್ಡು ಉಳಿಸುತ್ತದೆ.

ಮಾನಿಟರ್, ರೂಟರ್ ಜೊತೆಗೇ ಹೋದರೆ ಪಿಸಿಯನ್ನು ಬೈಯಬೇಡಿ, ಗೋಡೆ ಅಥವಾ ಯುಪಿಎಸ್ ನೋಡಿ. ಪಿಸಿ ಒಂದೇ ಪೂರ್ತಿ ಸತ್ತು ಮಾನಿಟರ್ ಉಳಿದರೆ ಎಸ್‌ಎಂಪಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಂಡಿರಬಹುದು, ಇಲ್ಲಾ ಪ್ರೊಸೆಸರ್ ತೀರಾ ಬಿಸಿಯಾಗಿರಬಹುದು. ಆದರೆ ಮಾನಿಟರ್ ಕೂಡ ಅದೇ ಯುಪಿಎಸ್‌ಗೆ ಸಿಕ್ಕಿಸಿದೆಯಾ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಈ ತೀರ್ಮಾನಕ್ಕೆ ಬನ್ನಿ. ಸ್ಕ್ರೀನ್ ಕಪ್ಪಾಗಿ ಫ್ಯಾನ್ ಮಾತ್ರ ಜೋರಾಗಿ ಓಡುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ಕಡೆ ನೋಡಬೇಕು. ನೀಲಿ ಸ್ಕ್ರೀನ್ ಮಿಂಚಿ ರೀಸ್ಟಾರ್ಟ್ ಆದರೆ ಅದು ಬೇರೆಯೇ ದಾರಿ, ಕೆಳಗೆ ಹೇಳುತ್ತೇನೆ.

ಮತ್ತೆ ಆನ್ ಆಗುವ ರೀತಿಯೂ ಮುಖ್ಯ. ಬಟನ್ ಎಷ್ಟು ಒತ್ತಿದರೂ ಅಲ್ಲಾಡದೆ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಆನ್ ಆಗುತ್ತದೆ ಅಂದರೆ ಎಸ್‌ಎಂಪಿಎಸ್‌ನ ರಕ್ಷಣೆ ಬಿದ್ದಿದೆ. ತಕ್ಷಣ ಆನ್ ಆಗಿ ಒಂದೆರಡು ನಿಮಿಷದಲ್ಲಿ ಮತ್ತೆ ಸತ್ತು, ಅರ್ಧ ಗಂಟೆ ಬಿಟ್ಟರೆ ಚೆನ್ನಾಗಿ ಓಡಿದರೆ ಬಿಸಿ.

ಆನ್ ಆದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಅಲ್ಲಿ ಕೆಂಪು ಗುರುತಿನ 'ಕರ್ನಲ್ ಪವರ್ 41' ಇದ್ದೇ ಇರುತ್ತದೆ. ಇದನ್ನು ನೋಡಿ ತುಂಬಾ ಜನ ಹೆದರುತ್ತಾರೆ, ಆ ನಂಬರ್ ಹಿಡಿದುಕೊಂಡು ಇಂಟರ್‌ನೆಟ್ ಎಲ್ಲಾ ಹುಡುಕಿ ಡ್ರೈವರ್, ರಿಜಿಸ್ಟ್ರಿ ಅಂತ ಏನೇನೋ ಮಾಡುತ್ತಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಸಲ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಅದು ನಿಮಗೂ ಗೊತ್ತು. ಕೆಲಸಕ್ಕೆ ಬರುವುದು ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿರುವ 'ಬಗ್‌ಚೆಕ್ ಕೋಡ್'. ಅದು 0 ಇದ್ದರೆ ಏನಾಯಿತು ಅಂತ ಬರೆದುಕೊಳ್ಳುವಷ್ಟು ಸಮಯವೂ ವಿಂಡೋಸ್‌ಗೆ ಸಿಗಲಿಲ್ಲ ಎಂದರ್ಥ, ಹೆಚ್ಚಾಗಿ ಕರೆಂಟ್ ಅಥವಾ ಬಿಸಿ. 0 ಬಿಟ್ಟು ಬೇರೆ ನಂಬರ್ ಇದ್ದರೆ ನೀಲಿ ಸ್ಕ್ರೀನ್ ಬಂದು ಹೋಗಿದೆ.

ಯುಪಿಎಸ್ ಕೂಗಿ ಆಫ್, ಅಥವಾ ಮಾನಿಟರ್ ಜೊತೆಗೇ ಎಲ್ಲಾ ಹೋಗುತ್ತದೆ

ಹೊರದೇಶದವರು ಮಾಡಿದ ವಿಡಿಯೋಗಳಲ್ಲಿ ಈ ಭಾಗವೇ ಇರುವುದಿಲ್ಲ. ಅಲ್ಲಿ ಗೋಡೆಯ ಕರೆಂಟ್ ಸರಿಯಿದೆ ಅಂತಲೇ ಶುರು ಮಾಡುತ್ತಾರೆ. ನಮ್ಮಲ್ಲಿ ಪಿಸಿ ಮತ್ತು ಗೋಡೆಯ ಮಧ್ಯೆ ಒಂದು ಯುಪಿಎಸ್, ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಕೆಲವು ಮನೆಯಲ್ಲಿ ಇನ್ವರ್ಟರ್, ಇಷ್ಟೆಲ್ಲಾ ಇರುತ್ತದೆ. ಸ್ನೇಹಿತರ ಪಿಸಿ ನೋಡಲು ಹೋದರೆ ನಾನು ಮೊದಲು ಬಗ್ಗಿ ನೋಡುವುದು ಮೇಜಿನ ಕೆಳಗಿನ ಯುಪಿಎಸ್ ಅನ್ನು.

ಅದರ ಮೇಲೆ 600 ವಿಎ ಅಂತ ದೊಡ್ಡದಾಗಿ ಬರೆದಿರುತ್ತದೆ. ಇದು 600 ವ್ಯಾಟ್ ಅಂದುಕೊಳ್ಳುತ್ತಾರೆ. ಹಿಂಬದಿಯ ಚೀಟಿ ಓದಿ, ಸಾಮಾನ್ಯವಾಗಿ 360 ವ್ಯಾಟ್ ಅಂತ ಇರುತ್ತದೆ. 1000 ವಿಎ ಯುಪಿಎಸ್ ಕೂಡ ಹೆಚ್ಚಾಗಿ 600 ವ್ಯಾಟ್‌ನ ಆಸುಪಾಸು. ಹಿಂದೆ ಆಫೀಸ್ ಕೆಲಸದ ಪಿಸಿಗೆ ತಂದ ಯುಪಿಎಸ್ ಅದು, ಆಮೇಲೆ ಪಿಸಿ ಬದಲಾಯಿತು, ಗ್ರಾಫಿಕ್ಸ್ ಕಾರ್ಡ್ ಬಂತು, ಯುಪಿಎಸ್ ಮಾತ್ರ ಅದೇ ಉಳಿಯಿತು. ಗೇಮ್‌ನಲ್ಲಿ ಲೋಡ್ 400 ದಾಟಿದ ಕೂಡಲೇ ಅದು ಕೂಗಿ ಕೈಬಿಡುತ್ತದೆ. ಕರೆಂಟ್ ಇದ್ದಾಗ ಹೇಗೋ ಓಡಿ, ಕರೆಂಟ್ ಹೋದ ಕ್ಷಣ ಒಂದು ಸೆಕೆಂಡ್ ಕೂಡ ತಡೆಯದೆ ಆಫ್ ಆದರೂ ಇದೇ ಕಾರಣ, ಇಲ್ಲಾ ಬ್ಯಾಟರಿ ಸತ್ತಿದೆ. ಎರಡು ಮೂರು ವರ್ಷ ಹಳೆಯ ಯುಪಿಎಸ್ ಬ್ಯಾಟರಿಯ ಮೇಲೆ ನಂಬಿಕೆ ಇಡಬೇಡಿ.

ಪರೀಕ್ಷೆಗೆ ಖರ್ಚಿಲ್ಲ. ಒಂದು ಸಂಜೆ ಯುಪಿಎಸ್, ಎಕ್ಸ್‌ಟೆನ್ಷನ್ ಬಾಕ್ಸ್ ಎಲ್ಲಾ ಬಿಟ್ಟು ಪಿಸಿಯ ಪವರ್ ಕೇಬಲ್ಲನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ, ಆಫ್ ಆಗುತ್ತಿದ್ದ ಅದೇ ಗೇಮ್ ಆಡಿ. ಗುಡುಗು ಮಿಂಚು ಇರುವ ದಿನ ಮಾತ್ರ ಬೇಡ. ಆಫ್ ಆಗಲಿಲ್ಲ ಅಂದರೆ ಕಳ್ಳ ಸಿಕ್ಕ ಹಾಗೆ.

ಇನ್ವರ್ಟರ್ ಲೈನ್‌ನಲ್ಲಿ ಪಿಸಿ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಮಧ್ಯೆ ಒಂದು ಚಿಕ್ಕ ಖಾಲಿ ಜಾಗ ಬರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡ್ ಹತ್ತಿರ ಇದ್ದಾಗ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳಬಲ್ಲದು, ಅಂದರೆ ನಮ್ಮ 50 ಹರ್ಟ್ಜ್ ಕರೆಂಟ್‌ನ ಒಂದು ಸುತ್ತಿಗಿಂತಲೂ ಕಡಿಮೆ. ಬ್ರೌಸರ್ ಓಡುವಾಗ ಲೋಡ್ ಕಡಿಮೆ, ಹಾಗಾಗಿ ಜಾಸ್ತಿ ಹೊತ್ತು ತಡೆಯುತ್ತದೆ, ಗೇಮ್‌ನಲ್ಲಿ ತಡೆಯುವುದಿಲ್ಲ. ಅನೇಕ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್‌ಗೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದು ಬೇರೆ ಮೋಡ್‌ನಲ್ಲಿದ್ದರೆ ಬದಲಾಗುವುದು ನಿಧಾನ. ಸ್ಕ್ವೇರ್ ವೇವ್ (ಗೋಡೆಯ ಕರೆಂಟ್‌ನಂತೆ ನಯವಾದ ಅಲೆ ಕೊಡದ) ಇನ್ವರ್ಟರ್ ಆದರೆ ಗೇಮಿಂಗ್ ಪಿಸಿಯನ್ನು ಅದರಿಂದ ಪೂರ್ತಿ ದೂರ ಇಡಿ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟ್ ಎಳೆಯುವುದನ್ನು ಸರಿಹೊಂದಿಸುವ ಸರ್ಕ್ಯೂಟ್) ಇರುತ್ತದೆ, ಅದಕ್ಕೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಅಥವಾ ಇನ್ವರ್ಟರ್ ಸರಿಯಾದ ಜೋಡಿ.

ವೋಲ್ಟೇಜ್ ಕೂಡ ನೋಡಿ. ಸಂಜೆ ಹೊತ್ತು 230 ಇರಬೇಕಾದ ಕಡೆ 180ಕ್ಕೆ ಇಳಿಯುವ ಊರುಗಳು ಈಗಲೂ ಇವೆ. ವೋಲ್ಟೇಜ್ ಇಳಿದರೆ ಅಷ್ಟೇ ವ್ಯಾಟ್‌ಗೆ ಎಸ್‌ಎಂಪಿಎಸ್ ಜಾಸ್ತಿ ಆಂಪಿಯರ್ ಎಳೆಯಬೇಕು, ಜಾಸ್ತಿ ಬಿಸಿಯಾಗುತ್ತದೆ. ಅದರ ಚೀಟಿಯ ಮೇಲೆ 100ರಿಂದ 240 ಅಂತ ಇದ್ದರೆ ಪರವಾಗಿಲ್ಲ, 200ರಿಂದ 240 ಅಂತ ಮಾತ್ರ ಇದ್ದರೆ ಕಡಿಮೆ ವೋಲ್ಟೇಜ್‌ನಲ್ಲಿ ಅದು ನಿಲ್ಲುವುದು ಸಹಜ. ಬೋರ್‌ವೆಲ್ ಮೋಟರ್ ಅಥವಾ ಫ್ರಿಜ್ ಶುರುವಾದ ಹೊತ್ತಿಗೇ ಪಿಸಿ ಆಫ್ ಆಗುತ್ತಿದೆಯಾ ಅಂತ ಗಮನಿಸಿ. ಆಗುತ್ತಿದ್ದರೆ ತೊಂದರೆ ಮನೆಯ ವೈರಿಂಗ್‌ನಲ್ಲಿದೆ, ಎಲೆಕ್ಟ್ರೀಷಿಯನ್ ಕರೆಸಿ.

ಸಾಕೆಟ್ ಸಡಿಲವಾಗಿದ್ದು ಪ್ಲಗ್ ಅಲ್ಲಾಡುತ್ತಿದ್ದರೆ, ಆಡಿದ ಮೇಲೆ ಪ್ಲಗ್ ಮುಟ್ಟಿದರೆ ಬಿಸಿ ಇದ್ದರೆ, ಅಲ್ಲಿ ಮತ್ತೆ ಪಿಸಿ ಹಾಕಬೇಡಿ. ಸಾಕೆಟ್ ಬದಲಿಸುವುದಕ್ಕೆ ಆಗುವುದು ಸಣ್ಣ ಖರ್ಚು, ಸುಟ್ಟರೆ ಆಗುವುದು ದೊಡ್ಡದು.

ಹದಿನೈದಿಪ್ಪತ್ತು ನಿಮಿಷ ಆಡಿದ ಮೇಲೆ ಆಫ್, ತಣ್ಣಗಾದರೆ ಮತ್ತೆ ಸರಿ

ಇದು ಬಿಸಿಯ ಲಕ್ಷಣ. ಡಿಸೆಂಬರ್‌ನಲ್ಲಿ ಏನೂ ಇಲ್ಲದೆ ಏಪ್ರಿಲ್‌ನಲ್ಲಿ ಶುರುವಾಗುವುದು ಕೂಡ. ಪಿಸಿಯೊಳಗಿನ ಬಿಸಿ ಯಾವಾಗಲೂ ಕೋಣೆಯ ಬಿಸಿಯ ಮೇಲೆ ಕೂರುತ್ತದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೊರಗೆ 40 ದಾಟಿ, ಕೋಣೆಯಲ್ಲಿ 36, 38 ಇದ್ದರೆ, ಬೆಂಗಳೂರಿನ 26 ಡಿಗ್ರಿಯ ಕೋಣೆಗಿಂತ ಒಳಗಿನ ಪ್ರತಿಯೊಂದು ಭಾಗವೂ ಹತ್ತು ಡಿಗ್ರಿ ಜಾಸ್ತಿ ಬಿಸಿಯಲ್ಲೇ ಆಟ ಶುರು ಮಾಡುತ್ತದೆ.

ಮೊದಲ ಪರೀಕ್ಷೆ ಅತಿ ಸುಲಭ. ಕ್ಯಾಬಿನೆಟ್‌ನ ಒಂದು ಪಕ್ಕದ ಬಾಗಿಲು ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಗೇಮ್ ಆಡಿ. ಕಂಪ್ಯೂಟರ್ ಟೇಬಲ್‌ನ ಮುಚ್ಚಿದ ಗೂಡಿನೊಳಗೆ ಪಿಸಿ ತುರುಕಿದ್ದರೆ ಹೊರಗೆ ತೆಗೆದಿಡಿ. ಆ ಗೂಡುಗಳು ಹಳೆಯ ಕಾಲದ ಪಿಸಿಗೆ ಸರಿಯಿದ್ದವು, ಈಗಿನ 300 ವ್ಯಾಟ್ ಕಾರ್ಡ್‌ಗೆ ಖಂಡಿತ ಅಲ್ಲ. ಇಷ್ಟು ಮಾಡಿದ ಮೇಲೆ ಆಫ್ ಆಗುವುದು ನಿಂತರೆ ಅಥವಾ ತಡವಾಗಿ ಆದರೆ ಬಿಸಿಯೇ ಕಾರಣ.

ಆಮೇಲೆ ಒಳಗಿನ ಭಾಗಗಳ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ (HWiNFO) ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಇದರಲ್ಲಿ ಲಾಗ್ ಬರೆಯುವ ಬಟನ್ ಇದೆ. ಅದನ್ನು ಒತ್ತಿ ಗೇಮ್ ಆಡಿ. ಪಿಸಿ ಸತ್ತ ಮೇಲೆ ಆನ್ ಮಾಡಿ ಆ ಫೈಲ್ ತೆರೆದು ಕೊನೆಯ ಸಾಲುಗಳನ್ನು ನೋಡಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ಮನೆಯಲ್ಲಿ ಕೂತು ಸಿಗುವುದಿಲ್ಲ.

ಯಾವ ಸಂಖ್ಯೆಗೆ ಗಾಬರಿಯಾಗಬೇಕು? ಇಂಟೆಲ್‌ನ 12, 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಎಎಂಡಿಯ ರೈಜನ್ 5000 ಸಾಲಿನ ಹೆಚ್ಚಿನವಕ್ಕೆ 90, ರೈಜನ್ 7000 ಸಾಲಿನ ಹೆಚ್ಚಿನವಕ್ಕೆ 95. ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಆರ್‌ಟಿಎಕ್ಸ್ 3080ಕ್ಕೆ 93, 4090ಕ್ಕೆ 90. ಆದರೆ ಈ ಮಿತಿ ಮುಟ್ಟಿದ ಕೂಡಲೇ ಆಫ್ ಆಗುವುದಿಲ್ಲ ಅನ್ನುವುದು ಮುಖ್ಯ. ಮೊದಲು ಅವು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ, ಗೇಮ್ ಎಳೆದೆಳೆದು ಓಡುತ್ತದೆ. ವೇಗ ತಗ್ಗಿಸಿದರೂ ಬಿಸಿ ಏರುತ್ತಲೇ ಹೋದರೆ ಮಾತ್ರ ಕಡೆಗೆ ಆಫ್. ಹಾಗಾಗಿ 82 ಡಿಗ್ರಿಯಲ್ಲಿ ಪಿಸಿ ಆಫ್ ಆಗುತ್ತಿದ್ದರೆ ಪ್ರೊಸೆಸರ್ ಬಿಸಿ ಅದಕ್ಕೆ ಕಾರಣವಲ್ಲ, ಕೂಲರ್ ಬದಲಿಸಿ ದುಡ್ಡು ಕಳೆಯಬೇಡಿ.

ಗೇಮ್ ಶುರುವಾದ ಕೆಲವೇ ಸೆಕೆಂಡ್‌ಗಳಲ್ಲಿ ಪ್ರೊಸೆಸರ್ 40ರಿಂದ 100ಕ್ಕೆ ಹಾರಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಸ್ಕ್ರೂ ಅಥವಾ ಪಿನ್ ಬಿಟ್ಟಿದೆ, ಅಥವಾ ಲಿಕ್ವಿಡ್ ಕೂಲರ್‌ನ ಪಂಪ್ ನಿಂತಿದೆ. ಪಂಪ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಬೋರ್ಡ್‌ನ ಸೆಟ್ಟಿಂಗ್) ಕಾಣುತ್ತದೆ, 0 ಇದ್ದರೆ ಪಿಸಿಯನ್ನು ಆಗಲೇ ಆಫ್ ಮಾಡಿ. ನಿಧಾನಕ್ಕೆ, ಹತ್ತು ಹದಿನೈದು ನಿಮಿಷದಲ್ಲಿ ಏರಿದರೆ ಧೂಳು ಅಥವಾ ಗಾಳಿಯ ಓಡಾಟ.

ಧೂಳು ತೆಗೆಯಲು ಬ್ಲೋವರ್ ಸಾಕು. ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಅದು ಗಾಳಿಗೆ ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ಕೂಲರ್‌ನ ರೆಕ್ಕೆಗಳ ಮಧ್ಯೆ, ಕ್ಯಾಬಿನೆಟ್‌ನ ಮುಂದಿನ ಜಾಲರಿಯಲ್ಲಿ, ಮತ್ತು ಎಲ್ಲರೂ ಮರೆಯುವ ಎಸ್‌ಎಂಪಿಎಸ್‌ನ ಅಡಿಯ ಜಾಲರಿಯಲ್ಲಿ ಕಂಬಳಿಯಂತೆ ಧೂಳು ಕೂತಿರುತ್ತದೆ. ಎಸ್‌ಎಂಪಿಎಸ್ ತಾನೇ ಬಿಸಿಯಾದರೂ ಆಫ್ ಆಗುತ್ತದೆ, ಅದರ ಬಿಸಿಯನ್ನು ಹೆಚ್ಚಿನ ಪಿಸಿಗಳಲ್ಲಿ ಯಾವ ಪ್ರೋಗ್ರಾಂ ಕೂಡ ತೋರಿಸುವುದಿಲ್ಲ. ಅಕ್ಕಪಕ್ಕ ಮನೆ ಕಟ್ಟುವ ಕೆಲಸ ನಡೆಯುತ್ತಿದ್ದರೆ ತಿಂಗಳಿಗೊಮ್ಮೆ ನೋಡಿ.

ಪ್ರೊಸೆಸರ್ ಮತ್ತು ಕೂಲರ್ ಮಧ್ಯೆ ಹಚ್ಚುವ ಥರ್ಮಲ್ ಪೇಸ್ಟ್ ಹಳೆಯದಾಗಿ ಒಣಗಿದ್ದರೆ ಹೊಸದು ಹಾಕಿ. ರೈಜನ್‌ನ ಎಎಂ4 ಬೋರ್ಡ್ ಆಗಿದ್ದರೆ ಕೂಲರ್ ತೆಗೆಯುವ ಮುಂಚೆ ಪಿಸಿಯನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿಕೊಳ್ಳಿ, ಪ್ಲಗ್ ಕಿತ್ತು, ಕೂಲರ್ ಅನ್ನು ನಿಧಾನಕ್ಕೆ ಅತ್ತಿತ್ತ ತಿರುಗಿಸಿ ಬಿಡಿಸಿ. ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಅದಕ್ಕೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ.

ಹೊತ್ತುಗೊತ್ತಿಲ್ಲ, ಬಿಸಿಯೂ ಇಲ್ಲ, ಟಕ್ ಅಂತ ಆಫ್

ಲೋಡಿಂಗ್ ಮುಗಿದು ಆಟ ತೆರೆದುಕೊಳ್ಳುವ ಕ್ಷಣ, ದೊಡ್ಡ ಸ್ಫೋಟದ ದೃಶ್ಯ, ಅಥವಾ ಮೆನುವಿನಲ್ಲಿ ಸುಮ್ನೆ ಇರುವಾಗ. ಲಾಗ್‌ನ ಕೊನೆಯ ಸಾಲಿನಲ್ಲಿ ಎಲ್ಲಾ 70 ಡಿಗ್ರಿ ಒಳಗೇ ಇದೆ. ಎಸ್‌ಎಂಪಿಎಸ್‌ನಿಂದ ಒಂದು 'ಟಿಕ್' ಕೇಳಿಸಿ ಎಲ್ಲಾ ಸ್ತಬ್ಧ. ಈ ಲಕ್ಷಣ ಕಂಡರೆ ನನ್ನ ಅನುಮಾನ ಹೋಗುವುದು ಎಸ್‌ಎಂಪಿಎಸ್ ಮತ್ತು ಅದರ ಕೇಬಲ್‌ಗಳ ಮೇಲೆ.

ಗ್ರಾಫಿಕ್ಸ್ ಕಾರ್ಡ್ ಒಂದೇ ಸಮ ಪವರ್ ಎಳೆಯುವುದಿಲ್ಲ. 320 ವ್ಯಾಟ್ ಅಂತ ಬರೆದಿರುವ ಆರ್‌ಟಿಎಕ್ಸ್ 3080 ಕೆಲವು ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಹೊತ್ತು ಅದರ ಒಂದೂವರೆ ಪಟ್ಟು ಎಳೆಯಬಲ್ಲದು. ಎಚ್‌ಡಬ್ಲ್ಯೂಇನ್ಫೋದಲ್ಲಿ ಇದು ಕಾಣುವುದಿಲ್ಲ, ಅದು ಒಂದೆರಡು ಸೆಕೆಂಡಿಗೊಮ್ಮೆ ಮಾತ್ರ ನೋಡುತ್ತದೆ. ಎಸ್‌ಎಂಪಿಎಸ್ ಮಾತ್ರ ಇದನ್ನು ಶಾರ್ಟ್ ಅಂತ ಭಾವಿಸಿ ತನ್ನನ್ನು ಆಫ್ ಮಾಡಿಕೊಳ್ಳುತ್ತದೆ. 2020ರಲ್ಲಿ 3080, 3090 ಬಂದಾಗ ಒಳ್ಳೆಯ ಹೆಸರಿನ ಎಸ್‌ಎಂಪಿಎಸ್ ಇದ್ದವರೂ ಈ ತೊಂದರೆ ಅನುಭವಿಸಿದರು. ಅದಕ್ಕೇ 2022ರಲ್ಲಿ ಎಸ್‌ಎಂಪಿಎಸ್‌ಗಳಿಗೆ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಹೊಸ ದೊಡ್ಡ ಕಾರ್ಡ್‌ಗಳಿಗಾಗಿ ಮಾಡಿದ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಶೇ 200ರಷ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅಂತ ಸೇರಿಸಿದರು.

ಮೆನುವಿನಲ್ಲಿ ಆಫ್ ಆಗುವುದು ವಿಚಿತ್ರ ಅನಿಸಬಹುದು. ಎಫ್‌ಪಿಎಸ್‌ಗೆ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಮಿತಿ ಹಾಕದಿದ್ದರೆ ಮೆನುವಿನಲ್ಲಿ ಕಾರ್ಡ್ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಫ್ರೇಮ್ ಮಾಡುತ್ತಾ ಕೂರುತ್ತದೆ, ಆಟಕ್ಕಿಂತ ಅಲ್ಲೇ ಲೋಡ್ ಜಾಸ್ತಿ. 2021ರ ಜುಲೈನಲ್ಲಿ ಅಮೆಜಾನ್‌ನ 'ನ್ಯೂ ವರ್ಲ್ಡ್' ಗೇಮ್‌ನ ಬೀಟಾದಲ್ಲಿ ಕೆಲವರ 3090 ಕಾರ್ಡ್‌ಗಳು ಮೆನು ಸ್ಕ್ರೀನ್‌ನಲ್ಲೇ ಸತ್ತವು. ಬೆಸುಗೆಯ ದೋಷ ಕಾರ್ಡಿನದ್ದೇ ಆದರೂ ಅದನ್ನು ಹೊರಗೆ ತಂದಿದ್ದು ಆ ಲೋಡ್. ಗೇಮ್ ಸೆಟ್ಟಿಂಗ್‌ನಲ್ಲಿ ಎಫ್‌ಪಿಎಸ್ ಅನ್ನು ನಿಮ್ಮ ಮಾನಿಟರ್‌ನಷ್ಟೇ, 60 ಅಥವಾ 144ಕ್ಕೆ, ಕಟ್ಟಿಬಿಡಿ.

ಈಗ ದುಡ್ಡಿಲ್ಲದ ಪರೀಕ್ಷೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಪ್ರೋಗ್ರಾಂ ಹಾಕಿ, ಕಾರ್ಡ್‌ನ ಪವರ್ ಲಿಮಿಟ್ ಅನ್ನು 100ರಿಂದ 70ಕ್ಕೆ ಇಳಿಸಿ, ಅದೇ ಗೇಮ್ ಆಡಿ. ಆಫ್ ಆಗುವುದು ನಿಂತರೆ ತೊಂದರೆ ಪವರ್ ಅಥವಾ ಬಿಸಿ, ಎರಡರಲ್ಲಿ ಒಂದು. ಬೇರೆ ಮಾಡಲು ಲಿಮಿಟ್ ಮತ್ತೆ 100 ಮಾಡಿ, ಬಾಗಿಲು ತೆಗೆದು, ಎಲ್ಲಾ ಫ್ಯಾನ್ ಪೂರ್ತಿ ವೇಗಕ್ಕೆ ಇಟ್ಟು ಆಡಿ. ತಣ್ಣಗಿದ್ದೂ ಆಫ್ ಆದರೆ ಪವರ್. ನನಗೆ ಈ ಜೋಡಿ ಪರೀಕ್ಷೆಯಷ್ಟು ಉಪಯೋಗಕ್ಕೆ ಬಂದಿದ್ದು ಬೇರೆ ಇಲ್ಲ, ಯಾವ ಸಾಫ್ಟ್‌ವೇರ್ ಕೂಡ ಇಷ್ಟು ನೇರವಾಗಿ ಹೇಳುವುದಿಲ್ಲ.

ಇನ್ನೂ ಹತ್ತಿರ ಹೋಗಬೇಕಾದರೆ ಸಿನೆಬೆಂಚ್ ಅನ್ನುವ ಟೆಸ್ಟ್ ಪ್ರೋಗ್ರಾಂ ಓಡಿಸಿ ಪ್ರೊಸೆಸರ್ ಒಂದಕ್ಕೇ ಲೋಡ್ ಕೊಡಿ. ಆಮೇಲೆ ಗ್ರಾಫಿಕ್ಸ್ ಟೆಸ್ಟ್ ಒಂದನ್ನೇ ಓಡಿಸಿ. ಬೇರೆ ಬೇರೆ ಓಡಿದಾಗ ಸರಿ, ಒಟ್ಟಿಗೆ ಓಡಿದಾಗ ಆಫ್ ಅಂದರೆ ಎಸ್‌ಎಂಪಿಎಸ್‌ಗೆ ಒಟ್ಟು ಲೋಡ್ ತಡೆಯುತ್ತಿಲ್ಲ. ಪ್ರೊಸೆಸರ್ ಲೋಡ್‌ಗೇ ಆಫ್ ಆದರೆ ಮದರ್‌ಬೋರ್ಡ್ ಮೂಲೆಯ 8 ಪಿನ್ ಸಿಪಿಯು ಪವರ್ ಕೇಬಲ್, ಅದರ ಪಕ್ಕದ ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಇಳಿಸಿ ಕೊಡುವ ಭಾಗ), ಕೂಲರ್ ನೋಡಿ. ಕಡಿಮೆ ಬೆಲೆಯ ಬೋರ್ಡ್ ಮೇಲೆ ಐ9 ಕೂರಿಸಿದ್ದರೆ ವಿಆರ್‌ಎಂ ಮೇಲೇ ನನ್ನ ಅನುಮಾನ. ಐ9-14900ಕೆ ಇಂಟೆಲ್ ಲೆಕ್ಕದಲ್ಲೇ 253 ವ್ಯಾಟ್ ತನಕ ಎಳೆಯುತ್ತದೆ. ಫರ್‌ಮಾರ್ಕ್ ತರಹದ ವಿಪರೀತ ಟೆಸ್ಟ್‌ಗಳನ್ನು ಹೆಸರಿಲ್ಲದ ಎಸ್‌ಎಂಪಿಎಸ್ ಇರುವ ಪಿಸಿಯಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಎಸ್‌ಎಂಪಿಎಸ್ ಸಾಯುವಾಗ ಜೊತೆಗೆ ಬೇರೆಯವನ್ನೂ ಎಳೆದುಕೊಂಡು ಹೋಗಬಹುದು.

ಹೊಸ ಎಸ್‌ಎಂಪಿಎಸ್ ತರುವ ಮುಂಚೆ ಕೇಬಲ್. ಕಾರ್ಡ್‌ಗೆ ಎರಡು 8 ಪಿನ್ ಜಾಗ ಇದ್ದರೆ, ಒಂದೇ ಕೇಬಲ್‌ನ ತುದಿಯಲ್ಲಿ ಕವಲೊಡೆದ ಎರಡು ಪ್ಲಗ್ ಹಾಕಿ ಕೆಲಸ ಮುಗಿಸಿರುತ್ತಾರೆ. ಒಂದು 8 ಪಿನ್‌ನ ಲೆಕ್ಕ 150 ವ್ಯಾಟ್, 6 ಪಿನ್‌ಗೆ 75, ಕಾರ್ಡ್ ಕೂರುವ ಬೋರ್ಡ್ ಸ್ಲಾಟ್‌ನಿಂದ 75. ದೊಡ್ಡ ಕಾರ್ಡ್ ಆದರೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್ ಎಳೆದು ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಎಲ್ಲಾ ಪ್ಲಗ್‌ಗಳನ್ನು ಕಿತ್ತು 'ಕ್ಲಿಕ್' ಅನ್ನುವ ತನಕ ಮತ್ತೆ ಒತ್ತಿ. 4090 ತರಹದ ಕಾರ್ಡ್‌ಗಳ 16 ಪಿನ್ ಕನೆಕ್ಟರ್ ಪೂರ್ತಿ ಕೂರದಿದ್ದರೆ ಕರಗುತ್ತದೆ, 2022ರ ಅಕ್ಟೋಬರ್‌ನಿಂದ ಇಂಥ ಚಿತ್ರಗಳು ಬರತೊಡಗಿದ್ದವು. ಅದರ ಕೇಬಲ್ಲನ್ನು ಕನೆಕ್ಟರ್ ಬುಡದಲ್ಲೇ ಬಗ್ಗಿಸಬೇಡಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಡ್ಯುಲರ್ (ಕೇಬಲ್ ಕಿತ್ತು ಹಾಕಬಹುದಾದ) ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಒಂದು ಕಂಪನಿಯದ್ದು ಇನ್ನೊಂದಕ್ಕೆ ಹಾಕಬಾರದು. ಪ್ಲಗ್ ಕೂರುತ್ತದೆ, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಬೇರೆ ಇರುತ್ತದೆ. ಆನ್ ಮಾಡಿದ ಕ್ಷಣ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಬೋರ್ಡ್ ಸುಡುತ್ತವೆ. ಎಸ್‌ಎಂಪಿಎಸ್ ಬದಲಿಸಿದರೆ ಅದರ ಡಬ್ಬದಲ್ಲಿ ಬಂದ ಕೇಬಲ್‌ಗಳನ್ನೇ ಹಾಕಿ.

ಎಷ್ಟು ವ್ಯಾಟ್ ಬೇಕು? ಎನ್ವಿಡಿಯಾ ತಾನೇ 4060ಕ್ಕೆ 550, 3080ಕ್ಕೆ 750, 4090ಕ್ಕೆ 850 ವ್ಯಾಟ್ ಎಸ್‌ಎಂಪಿಎಸ್ ಹೇಳುತ್ತದೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಎಷ್ಟು ಕರೆಂಟ್ ವ್ಯರ್ಥವಾಗುತ್ತದೆ ಅನ್ನುವುದರ ಗುರುತು, ಅದರಿಂದ ಗಟ್ಟಿತನ ಗೊತ್ತಾಗುವುದಿಲ್ಲ. ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದ ಎಸ್‌ಎಂಪಿಎಸ್ ಮೇಲೆ 500 ಅಂತ ಬರೆದಿದ್ದರೆ ಚೀಟಿಯಲ್ಲಿ 12 ವೋಲ್ಟ್ ಸಾಲು ನೋಡಿ. ಅಲ್ಲಿ 20 ಆಂಪಿಯರ್ ಇದ್ದರೆ ನಿಮ್ಮ ಕಾರ್ಡು, ಪ್ರೊಸೆಸರ್ ಎರಡಕ್ಕೂ ಸೇರಿ ಸಿಗುವುದು 240 ವ್ಯಾಟ್ ಅಷ್ಟೇ.

ಸ್ಕ್ರೀನ್ ಕಪ್ಪು, ಫ್ಯಾನ್ ಮಾತ್ರ ಜೋರಾಗಿ ಓಡುತ್ತಿದೆ

ಇದು ಆಫ್ ಆಗಿದ್ದಲ್ಲ, ಕಾರ್ಡ್ ಕೆಲಸ ನಿಲ್ಲಿಸಿದೆ. ಹಿಂದಿನಿಂದ ಗೇಮ್ ಸದ್ದು ಕೇಳುತ್ತಿರಲೂಬಹುದು. ಮೊದಲು ಕಾರ್ಡ್‌ನ ಓವರ್‌ಕ್ಲಾಕ್ (ಕಂಪನಿ ಇಟ್ಟಿದ್ದಕ್ಕಿಂತ ಏರಿಸಿದ ವೇಗ) ತೆಗೆಯಿರಿ, ಡ್ರೈವರ್ ಪೂರ್ತಿ ತೆಗೆದು ಹೊಸದಾಗಿ ಹಾಕಿ. ಆಮೇಲೆ ಪ್ಲಗ್ ಕಿತ್ತು, ಕಾರ್ಡನ್ನು ಸ್ಲಾಟ್‌ನಿಂದ ತೆಗೆದು ಮತ್ತೆ ಕೂರಿಸಿ. ಭಾರದ ಕಾರ್ಡ್ ಜೋತುಬಿದ್ದಿದ್ದರೆ ಕೆಳಗೆ ಆಧಾರ ಕೊಡಿ. ಕರಾವಳಿಯ ಮನೆಯಾದರೆ ಸ್ಲಾಟ್‌ಗೆ ಕೂರುವ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಉಪ್ಪು ಗಾಳಿಗೆ ಅಲ್ಲಿ ಪೊರೆ ಕಟ್ಟುತ್ತದೆ. ಎರಡು ಪ್ರತ್ಯೇಕ ಕೇಬಲ್ ಇದ್ದೂ, ಬೇರೆ ಪಿಸಿಯಲ್ಲಿ ಹಾಕಿದರೂ ಹೀಗೇ ಆದರೆ ಕಾರ್ಡ್ ವಾರಂಟಿಗೆ ಕಳಿಸಿ.

ನೀಲಿ ಸ್ಕ್ರೀನ್ ಮಿಂಚಿ ರೀಸ್ಟಾರ್ಟ್ ಆಗುತ್ತದೆ

ವಿಂಡೋಸ್‌ನ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಅನ್ನುವ ಟಿಕ್ ತೆಗೆದರೆ ನೀಲಿ ಸ್ಕ್ರೀನ್ ನಿಲ್ಲುತ್ತದೆ, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮ್ ಅನ್ನು ಜಾಸ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ಒಂದು ದಿನ ಆಡಿ ನೋಡಿ. ನಿಂತರೆ ರ‍್ಯಾಮ್ ಅಷ್ಟು ವೇಗಕ್ಕೆ ಒಗ್ಗುತ್ತಿಲ್ಲ. ನಿಲ್ಲದಿದ್ದರೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಸಲ್ಲದು.

ಈವೆಂಟ್ ವ್ಯೂವರ್‌ನಲ್ಲಿ 41ರ ಪಕ್ಕದಲ್ಲಿ 'ಡಬ್ಲ್ಯೂಎಚ್‌ಇಎ ಲಾಗರ್ 18' ಕಂಡರೆ ಪ್ರೊಸೆಸರ್ ತಾನೇ ದೋಷ ಹೇಳುತ್ತಿದೆ. ಓವರ್‌ಕ್ಲಾಕ್, ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸಿದ್ದು), ಪಿಬಿಒ (ರೈಜನ್‌ನ ವೇಗ ಏರಿಸುವ ಸೆಟ್ಟಿಂಗ್) ಎಲ್ಲಾ ತೆಗೆದು, ಬಯೋಸ್ ಅಪ್‌ಡೇಟ್ ಮಾಡಿ ನೋಡಿ. ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ಇದ್ದರಂತೂ ಬಯೋಸ್ ಅಪ್‌ಡೇಟ್ ಮುಂದೂಡಬೇಡಿ. ಅವುಗಳಲ್ಲಿ ವೋಲ್ಟೇಜ್ ಜಾಸ್ತಿ ಹೋಗಿ ಪ್ರೊಸೆಸರ್ ಸವೆಯುವ ತೊಂದರೆಗೆ ಇಂಟೆಲ್ 2024ರಲ್ಲಿ ಬಯೋಸ್ ಅಪ್‌ಡೇಟ್ ಜೊತೆ ಬರುವ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಪ್ರೋಗ್ರಾಂ) ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆಗಲೇ ಸವೆದಿದ್ದರೆ ಅಪ್‌ಡೇಟ್ ಅದನ್ನು ಸರಿಮಾಡುವುದಿಲ್ಲ, ಬದಲಿಸಿಕೊಳ್ಳಬೇಕು. ಬಯೋಸ್ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು, ಸರಿಯಾದ ಯುಪಿಎಸ್ ಮೇಲೆ ಮಾಡಿ.

ಮೇಜು ಅಲ್ಲಾಡಿದರೆ, ಯುಎಸ್‌ಬಿ ಹಾಕಿದರೆ ಆಫ್

ಗೇಮ್‌ಗೂ ಇದಕ್ಕೂ ಸಂಬಂಧವಿಲ್ಲದೆ ಇರಬಹುದು. ಕ್ಯಾಬಿನೆಟ್‌ನ ಪವರ್ ಬಟನ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಹೀಗಾಗುತ್ತದೆ. ಆನ್ ಮಾಡಿದ ಮೇಲೆ ಬೋರ್ಡ್‌ನಿಂದ ಆ ಬಟನ್ ವೈರ್ ಕಿತ್ತು ಓಡಿಸಿ ನೋಡಬಹುದು. ಮದರ್‌ಬೋರ್ಡ್ ಹಿಂದೆ ಸ್ಕ್ರೂ ಬಿದ್ದಿರುವುದು, ಯುಎಸ್‌ಬಿ ಪೋರ್ಟ್‌ನ ಪಿನ್ ಬಾಗಿ ಲೋಹಕ್ಕೆ ತಾಗುವುದು, ಎಸ್‌ಎಂಪಿಎಸ್ ಹಿಂದಿನ ಪವರ್ ಕೇಬಲ್ ಸಡಿಲವಾಗಿರುವುದು, ಇವೂ ಇವೆ.

ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಸಿ

ಸುಟ್ಟ ವಾಸನೆ ಬಂದರೆ, ಎಸ್‌ಎಂಪಿಎಸ್‌ನಿಂದ ಕಿಡಿ ಅಥವಾ ಚಟಚಟ ಸದ್ದು ಬಂದರೆ, ಕನೆಕ್ಟರ್ ಕಂದಾಗಿ ಕರಗಿದ್ದರೆ, ಮತ್ತೆ 'ಒಂದ್ಸಲ ನೋಡೋಣ' ಅಂತ ಆನ್ ಮಾಡಬೇಡಿ. ಪಿಸಿ ಆನ್ ಮಾಡಿದರೆ ಮನೆಯ ಎಂಸಿಬಿ ಬೀಳುತ್ತಿದ್ದರೂ ಅಷ್ಟೇ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅರ್ಥಿಂಗ್ ಇಲ್ಲ ಎಂದು ತಿಳಿಯಿರಿ. ಅರ್ಥಿಂಗ್ ಇಲ್ಲದಾಗ ಎಸ್‌ಎಂಪಿಎಸ್‌ನ ಫಿಲ್ಟರ್ ಮೂಲಕ ಲೋಹದ ಡಬ್ಬಕ್ಕೆ ಸುಮಾರು ಅರ್ಧ ವೋಲ್ಟೇಜ್ ಬರುತ್ತದೆ. ಚಪ್ಪಲಿ ಹಾಕಿಕೊಂಡು ಆಡಿದರಾಯಿತು ಅಂತ ಬಿಡಬೇಡಿ, ಮಕ್ಕಳು ಬರಿಗಾಲಲ್ಲಿ ಮುಟ್ಟುತ್ತಾರೆ. ಎಲೆಕ್ಟ್ರೀಷಿಯನ್ ಬಂದು ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ಅಳೆಯಲಿ, ಒಂದೆರಡು ವೋಲ್ಟ್‌ಗಿಂತ ತುಂಬಾ ಜಾಸ್ತಿ ಇದ್ದರೆ ಸರಿಪಡಿಸಲಿ.

ಅಂಗಡಿಗೆ ಒಯ್ಯುವುದಾದರೆ 'ಆಫ್ ಆಗುತ್ತೆ' ಅಂತಷ್ಟೇ ಹೇಳಬೇಡಿ. ಯಾವ ಗೇಮ್, ಎಷ್ಟು ಹೊತ್ತಿಗೆ, ಗೋಡೆಗೆ ನೇರ ಹಾಕಿದರೂ ಆಯಿತಾ, ಪವರ್ ಲಿಮಿಟ್ 70 ಮಾಡಿದರೆ ನಿಂತಿತಾ, ಲಾಗ್‌ನ ಕೊನೆಯಲ್ಲಿ ಎಷ್ಟು ಡಿಗ್ರಿ ಇತ್ತು, ಇದನ್ನೆಲ್ಲಾ ಒಂದು ಚೀಟಿಯಲ್ಲಿ ಬರೆದು ಕೊಡಿ. ಎಸ್‌ಎಂಪಿಎಸ್ ಟೆಸ್ಟರ್‌ಗೆ ಹಾಕಿ ಹಸಿರು ಲೈಟ್ ತೋರಿಸಿ 'ಸರಿ ಇದೆ' ಅಂದರೆ ಒಪ್ಪಬೇಡಿ, ಆ ಟೆಸ್ಟರ್ ಕೊಡುವ ಲೋಡ್ ಏನೇನೂ ಅಲ್ಲ. ಅಲ್ಲೇ ಬೇರೆ ಒಳ್ಳೆಯ ಎಸ್‌ಎಂಪಿಎಸ್ ಅನ್ನು ಅದರದ್ದೇ ಕೇಬಲ್‌ಗಳ ಸಮೇತ ಹಾಕಿ, ನಿಮ್ಮ ಗೇಮ್ ಅನ್ನೇ ಓಡಿಸಿ ತೋರಿಸಲು ಕೇಳಿ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಅಂಗಡಿಯಲ್ಲಿ ಸ್ಪೇರ್ ಇರುತ್ತದೆ, ಕೇಳಿದರೆ ಹಾಕಿ ನೋಡುವವರು ಇದ್ದಾರೆ. ಸಣ್ಣ ಊರಾದರೆ ಸ್ನೇಹಿತರ ಪಿಸಿಯದ್ದನ್ನು ಒಂದು ಭಾನುವಾರ ಕೇಳಿ ಪಡೆಯಿರಿ. ನಿಮ್ಮ ಎಸ್‌ಎಂಪಿಎಸ್ ಬಿಲ್ ಕೂಡ ಹುಡುಕಿಡಿ. ಒಳ್ಳೆಯ ಕಂಪನಿಗಳದ್ದಕ್ಕೆ ಐದು, ಏಳು, ಕೆಲವಕ್ಕೆ ಹತ್ತು ವರ್ಷ ವಾರಂಟಿ ಇರುತ್ತದೆ, ಹೊಸದು ಕೊಳ್ಳುವ ಅಗತ್ಯವೇ ಬರದಿರಬಹುದು.